ಎಲ್ಲಿಗೆ ಎಂದು ಕೇಳಬಾರದ ಮನೆ

ದಾರಿ ತೋರಿಸುವ ಆಪ್ ಯಾವುದನ್ನೇ ತೆರೆಯಿರಿ, ಅದು ಮೊದಲು ಕೇಳುವುದು ಒಂದೇ ಮಾತು: ಎಲ್ಲಿಗೆ? ನಮಸ್ಕಾರವಿಲ್ಲ, ತಿಂಡಿ ಆಯಿತಾ ಎಂಬುದಿಲ್ಲ. ಪರದೆಯ ನೆತ್ತಿಯ ಮೇಲೆ ಒಂದು ಖಾಲಿ ಚೌಕ, ಅದರೊಳಗೆ ಈ ಪ್ರಶ್ನೆ. ಮೋಟರ್‌ಸೈಕಲ್ಲಿಗೆ ಯಾವ ಆಪ್ ಒಳ್ಳೆಯದು ಎಂದು ನನ್ನನ್ನು ಕೇಳುವವರು ಈಗ ಬಹಳ ಮಂದಿ. ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ಕೇಳುತ್ತಾರೆ. ಬ್ಯಾಟರಿ ಎಷ್ಟು ತಿನ್ನುತ್ತದೆ, ಕನ್ನಡ ಮಾತಾಡುತ್ತದಾ, ಸಿಗ್ನಲ್ ಸಿಗದ ಕಡೆ ನಡೆಯುತ್ತದಾ ಎಂದೆಲ್ಲ. ನಾನು ಹೇಳುವುದು ಇಷ್ಟೇ: ನೀವು ಎಲ್ಲಿದ್ದೀರಿ ಅನ್ನುವುದನ್ನು ಅದು ಇನ್ನು ಯಾರಿಗೆ ಹೇಳುತ್ತದೆ ಅಂತ ಮೊದಲು ನೋಡಿಕೊಳ್ಳಿ, ಉಳಿದದ್ದು ಆಮೇಲೆ. ಇದನ್ನು ಹೇಳುವಾಗ ನನ್ನ ದನಿ ಏರುತ್ತದೆ. ಕೇಳಿದವರು ಯಾಕಾದರೂ ಕೇಳಿದೆವೋ ಎನ್ನುವ ಮುಖ ಮಾಡುತ್ತಾರೆ. ಮಾಡಲಿ. ನನ್ನ ಸಿಟ್ಟಿಗೆ ಕಾರಣ ಇದೆ.

ಮೈಸೂರಿನ ಲಕ್ಷ್ಮೀಪುರಂನಲ್ಲಿರುವ ನಮ್ಮ ಮನೆಯಲ್ಲಿ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳುವಂತಿಲ್ಲ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಎಷ್ಟೋ ಮನೆಗಳಲ್ಲಿದ್ದ ರೂಢಿಯೇ ಇದು. ಬೇರೆ ಕಡೆ ಅಜ್ಜಿಯರ ಜೊತೆಗೇ ಹೋಯಿತು, ನಮ್ಮಲ್ಲಿ ಅತ್ತೆ ಇರುವುದರಿಂದ ಉಳಿದಿದೆ. ಎಂಬತ್ತು ದಾಟಿದ ಅತ್ತೆ ಬೆಳಗ್ಗೆ ಲಿಂಗಪೂಜೆ ಮುಗಿಸಿ ಬಾಗಿಲ ಬಳಿಯ ಬೆತ್ತದ ಕುರ್ಚಿಯಲ್ಲಿ ಕೂರುತ್ತಾರೆ. ಯಾರು ಚಪ್ಪಲಿ ಮೆಟ್ಟಿದರೂ ಅವರ ಪ್ರಶ್ನೆ ಒಂದೇ: "ದೂರಾನಾ?" ಅದಕ್ಕೆ "ಇಲ್ಲೇ ಅತ್ತೆ" ಅನ್ನಬೇಕು, ಇಲ್ಲವೇ "ಸ್ವಲ್ಪ ದೂರ" ಅನ್ನಬೇಕು. ಅದಕ್ಕಿಂತ ಹೆಚ್ಚಿನ ಉತ್ತರವನ್ನು ಅವರು ಬಯಸುವುದೂ ಇಲ್ಲ. ಯಾರಾದರೂ ಬಾಯಿತಪ್ಪಿ ಎಲ್ಲಿಗೆ ಅಂದುಬಿಟ್ಟರೆ ಹೊರಟವರು ಒಳಗೆ ಬಂದು, ಕೂತು, ಒಂದು ಲೋಟ ನೀರು ಪೂರ್ತಿ ಕುಡಿದು, ಮತ್ತೆ ಹೊಸದಾಗಿ ಹೊರಡಬೇಕು. ಲಷ್ಕರ್ ಮೊಹಲ್ಲಾದಲ್ಲಿ ನಮ್ಮದು ಪಾತ್ರೆ ಅಂಗಡಿ. ಅದನ್ನು ಕಟ್ಟಿದ ಮಾವ ಒಮ್ಮೆ ಹಿತ್ತಾಳೆ ಸರಕು ತರಲು ಹೊರಟಾಗ ಎದುರುಮನೆಯವರು ಈ ಮಾತು ಕೇಳಿಬಿಟ್ಟರಂತೆ. ಮಾವ ಒಳಗೆ ಬಂದು ನೀರು ಕುಡಿಯುವಷ್ಟರಲ್ಲಿ ರೈಲು ಹೋಯಿತು. ಹೋದದ್ದೇ ಒಳ್ಳೆಯದಾಯಿತು ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಏನು ಒಳ್ಳೆಯದಾಯಿತು ಎಂದು ಯಾರಿಗೂ ಗೊತ್ತಿಲ್ಲ.

ನಾನು ಮದುವೆಯಾಗಿ ಬಂದ ಹೊಸತು. ಒಂದು ಬೆಳಗ್ಗೆ ನನ್ನ ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊಸ್ತಿಲು ದಾಟುತ್ತಿದ್ದರು. ಹೊಸ ಹೆಂಡತಿಯ ಉತ್ಸಾಹ ನೋಡಿ, "ಎಲ್ಲಿಗ್ರೀ?" ಅಂದೆ. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಗಂಡ ಹೊಸ್ತಿಲ ಮೇಲೆ ಒಂದು ಕಾಲಿಟ್ಟುಕೊಂಡೇ ನಿಂತರು. ಅತ್ತೆ ಬೈಯಲಿಲ್ಲ. ನೀರಿನ ಲೋಟ ತಂದು ಮಗನ ಕೈಗಿಟ್ಟು, "ಗೊತ್ತಿಲ್ದೆ ಕೇಳ್ಬುಟ್ಲು. ಕೂತು ಕುಡ್ಕೊಂಡು ಹೋಗಪ್ಪ" ಅಂದರು. ನನಗೆ ತಲೆಯೆತ್ತಲಾಗಲಿಲ್ಲ. ಅವತ್ತಿನಿಂದ ನಾನು ಅವರನ್ನು ಎಲ್ಲಿಗೆ ಎಂದು ಕೇಳಿಲ್ಲ, ಅವರೂ ನನ್ನನ್ನು ಕೇಳಿಲ್ಲ. ಮಗಳು ಹುಟ್ಟಿದಳು, ಓದಿದಳು, ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ನಮ್ಮಿಬ್ಬರ ಕೂದಲೂ ನೆರೆಯಿತು. ಈ ಒಂದು ಮಾತು ಮಾತ್ರ ನಮ್ಮ ನಡುವೆ ಬರಲೇ ಇಲ್ಲ. ನಾನು ಇದನ್ನು ಗೌರವ ಎಂದುಕೊಂಡಿದ್ದೆ.

ಮೋಟರ್‌ಸೈಕಲ್ ಬಂದದ್ದು ಮಗಳ ಮದುವೆಯಾದ ಮೇಲೆ. ಹುಡುಗಿಯಾಗಿದ್ದಾಗ ಅಪ್ಪನ ಗಾಡಿಯನ್ನು ಮೈದಾನದಲ್ಲಿ ಓಡಿಸಿದ್ದೆ. ಆ ಚಪಲ ಒಳಗೇ ಇತ್ತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಕಾವೇರಿ ಎಲ್ಲಿ ಹುಟ್ಟುತ್ತಾಳೆ, ಕಪಿಲೆ ಎಲ್ಲಿ ಬಂದು ಸೇರುತ್ತಾಳೆ ಎಂದು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ಗೀಚಿ ಸಾಕಾಗಿತ್ತು, ಹೋಗಿ ನೋಡಬೇಕಿತ್ತು. ಗುಡುಗುಡು ಎನ್ನುವ ಭಾರದ ಗಾಡಿಯನ್ನೇ ಕೊಂಡೆ. ಮೈದುನ ಹೌಹಾರಿದ. "ಸ್ಕೂಟಿ ತಗೋಬೋದಿತ್ತಲ್ಲ ಅತ್ತಿಗೆ" ಅಂದ. ಗಂಡ ಮಾತ್ರ ಏನೂ ಅನ್ನಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, ಅಂಗಡಿಯಲ್ಲಿ ಕೊಡಪಾನ ತಟ್ಟಿ ನೋಡುವಂತೆ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟಿ, "ಸದ್ದು ಚೆನ್ನಾಗಿದೆ" ಅಂದರು. ಅತ್ತೆ ಹೆಡ್‌ಲೈಟಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಆ ಹೊತ್ತಿಗೆ ಈ ಮನೆಯವರು ನನ್ನವರು ಅನ್ನಿಸಿ ಕಣ್ಣು ತುಂಬಿತ್ತು. ಅದನ್ನು ನೆನೆದರೆ ಈಗ ಇನ್ನಷ್ಟು ಸಿಟ್ಟು ಬರುತ್ತದೆ.

ಭಾನುವಾರ ಅಂಗಡಿಗೂ ರಜ, ಶಾಲೆಗೂ ರಜ. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನದ ಊಟಕ್ಕೆ ಬಂದುಬಿಡುವುದು ನನ್ನ ಕ್ರಮ. ಮೊದಮೊದಲು ದಾರಿ ಕೇಳಿಕೊಂಡೇ ಹೋಗುತ್ತಿದ್ದೆ. ಒಂದು ಸಲ ಸೋಸಲೆ ಕಡೆ ಹೊರಟವಳು ಬೇರೆಲ್ಲೋ ಹೋಗಿ ಊಟಕ್ಕೆ ಬರುವುದು ತಡವಾಯಿತು. ಆ ಸಂಜೆಯೇ ಊಟದ ಮೇಜಿನ ಸುತ್ತ ಸಭೆ ಸೇರಿತು. ಮೈದುನನಿಗೆ ಫೋನಿನ ವಿಷಯವೆಲ್ಲ ಗೊತ್ತು, ಅಥವಾ ಗೊತ್ತು ಎಂದು ಅವನಿಗೆ ಗೊತ್ತು. ಮಗಳು ಹುಬ್ಬಳ್ಳಿಯಿಂದ ವಿಡಿಯೋದಲ್ಲಿ ಇದ್ದಳು. ಅತ್ತಿಗೆಗೆ ಒಂದು ಒಳ್ಳೆಯ ದಾರಿ ತೋರಿಸುವ ಆಪ್ ಬೇಕು ಎಂದು ಮೈದುನ ಹೇಳಿದ, ಯಾವುದು ಎಂದು ಮಗಳು ಹೇಳಿದಳು, ಅವನು ನನ್ನ ಫೋನು ತೆಗೆದುಕೊಂಡು ಏನೇನೋ ಒತ್ತಿದ. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ನನ್ನ ಗಂಡ ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ನಿಂತ್ರೆ, ನಿಂತಿದೆ ಅಂತ ಗೊತ್ತಾಗತ್ತಾ?" ಪಾಪ, ಆಸಕ್ತಿಯಿಂದ ಕೇಳುತ್ತಿದ್ದಾರೆ ಅಂದುಕೊಂಡು ಅವರಿಗೆ ಒಂದು ರೊಟ್ಟಿ ಜಾಸ್ತಿ ಹಾಕಿದೆ.

ಇನ್ನು ಆ ಆಪಿನ ಚಂದ ಹೇಳಬೇಕು. ಅದರೊಳಗಿದ್ದ ಹೆಂಗಸಿನ ಕನ್ನಡ ಯಾವ ಸೀಮೆಯದೋ ಶಿವನಿಗೇ ಗೊತ್ತು. "ವೃತ್ತದಲ್ಲಿ ಎರಡನೇ ನಿರ್ಗಮನವನ್ನು ತೆಗೆದುಕೊಳ್ಳಿ" ಅನ್ನುತ್ತಿದ್ದಳು. ತೆಗೆದುಕೊಂಡು ಎಲ್ಲಿಡಲಿ? ರಿಂಗ್ ರೋಡಿನ ಸರ್ಕಲ್ಲಿನಲ್ಲಿ ಹಿಂದಿನಿಂದ ಲಾರಿ ಹಾರ್ನ್ ಹೊಡೆಯುತ್ತಿರುವಾಗ ನಿರ್ಗಮನ ಎಣಿಸುತ್ತ ಕೂರಬೇಕು. ಟೂ ವೀಲರ್ ಎಂದು ಆರಿಸಿದರೆ ಹತ್ತಿರದ ದಾರಿ ಎಂದು ಸಂದಿಗೊಂದಿಗೆ ನುಗ್ಗಿಸುತ್ತಿದ್ದಳು. ಒಂದು ಸಲ ಶ್ರೀರಂಗಪಟ್ಟಣಕ್ಕೆ ಹೋಗಲು ಲಷ್ಕರ್ ಮೊಹಲ್ಲಾದ ಯಾವ ಗಲ್ಲಿಗೆ ತಂದು ನಿಲ್ಲಿಸಿದಳೆಂದರೆ, ಎದುರಿಗೆ ಕೈಗಾಡಿ, ಹಿಂದೆ ಕೈಗಾಡಿ, ಪಕ್ಕದಲ್ಲಿ ನಮ್ಮದೇ ಅಂಗಡಿಯ ಹಿಂಬಾಗಿಲು. ನಮ್ಮ ಅಂಗಡಿಗೆ ಬರಲು ನನಗೆ ಉಪಗ್ರಹದ ಸಹಾಯ ಬೇಕಿತ್ತಾ? ಬಿಸಿಲು ಏರಿದರೆ ಫೋನು ಕಾದ ಬಾಣಲೆಯಂತಾಗಿ ಆರಿಹೋಗುತ್ತಿತ್ತು. ಮಳೆ ಬಿದ್ದರೆ ಹನಿಗಳೇ ಪರದೆ ಒತ್ತಿ, ನಾನು ಬನ್ನೂರಿಗೆ ಹೊರಟಿದ್ದರೆ ಚಾಮರಾಜನಗರದ ಯಾವುದೋ ಪೆಟ್ರೋಲ್ ಬಂಕಿಗೆ ದಾರಿ ತೋರಿಸುತ್ತಿದ್ದವು. ಹ್ಯಾಂಡಲ್ಲಿನ ಮೇಲಿನ ಅದುರಾಟಕ್ಕೆ ಫೋನಿನ ಕ್ಯಾಮರಾ ಕೆಟ್ಟು, ಅಂದಿನಿಂದ ನನ್ನ ಫೋಟೋಗಳಲ್ಲಿ ಎಲ್ಲರಿಗೂ ಎರಡು ಮೂಗು.

ಬೇರೆ ಆಪ್ ಹಾಕಿಕೊಳ್ಳುತ್ತೇನೆ ಎಂದಾಗಲೆಲ್ಲ ಮೈದುನ ಅಡ್ಡ ಬರುತ್ತಿದ್ದ. ಸವಾರರಿಗೆಂದೇ ಮಾಡಿದ್ದು ಒಂದಿತ್ತು. ನೆಟ್ಟಗಿನ ಹೈವೇ ಬಿಟ್ಟು ತಿರುವುಗಳಿರುವ ರಸ್ತೆಯನ್ನೇ ಹುಡುಕಿ ಕೊಡುತ್ತಿತ್ತು. "ಅದು ಬೇಡ ಅತ್ತಿಗೆ, ಕಾಸು ಕೇಳತ್ತೆ" ಅಂದ. ನಕ್ಷೆಯನ್ನೆಲ್ಲ ಮೊದಲೇ ಫೋನಿಗೆ ಇಳಿಸಿಕೊಂಡು ಸಿಗ್ನಲ್ ಇಲ್ಲದೆಯೂ ನಡೆಯುವಂಥದ್ದು ಇನ್ನೊಂದಿತ್ತು, ಪುಕ್ಕಟೆ. "ಅದೂ ಬೇಡ, ನೋಡೋಕೆ ಚೆನ್ನಾಗಿಲ್ಲ" ಅಂದ. ನೋಡೋಕೆ ಚೆನ್ನಾಗಿರಲು ಅದೇನು ಹೆಣ್ಣು ತೋರಿಸುವ ಶಾಸ್ತ್ರವೇ ಎಂದು ರೇಗಿದೆ. ಆದರೂ ಹಳೆಯದನ್ನೇ ಇಟ್ಟುಕೊಂಡೆ, ಯಾಕೆಂದರೆ ಅವನು ಅಷ್ಟು ಕಾಳಜಿಯಿಂದ ಹೇಳುತ್ತಿದ್ದ.

ಆ ಆಪ್ ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಒಂದು ತಪ್ಪು. ನರಸೀಪುರದ ರಸ್ತೆಯಲ್ಲಿ ಹೋಗುತ್ತಿದ್ದವಳನ್ನು ಎಡಕ್ಕೆ ತಿರುಗಿಸಿ, ಗದ್ದೆ ಬದಿಯ ಮಣ್ಣುದಾರಿ ಹಿಡಿಸಿ, ನಾಲೆ ಏರಿಯ ಮೇಲೆ ತಂದು, ದಾರಿ ಮುಗಿದ ಕಡೆ "ನೀವು ತಲುಪಿದ್ದೀರಿ" ಅಂದಳು. ತಲುಪಬೇಕಾದ್ದು ಗುಂಜಾ ನರಸಿಂಹಸ್ವಾಮಿ ಗುಡಿ. ತಲುಪಿದ್ದು ಒಂದು ಹೊಂಗೆಮರದ ಬುಡ. ಬೈಯುತ್ತಲೇ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಎಂಜಿನ್ ಆರಿತು. ನಾಲೆಯ ನೀರು ತುಂಬಿ, ಸದ್ದಿಲ್ಲದೆ ಹೋಗುತ್ತಿತ್ತು. ಆಚೆ ದಡದಲ್ಲಿ ಭತ್ತದ ಗದ್ದೆ, ಬೆಳ್ಳಕ್ಕಿ. ಯಾರೂ ಇರಲಿಲ್ಲ. ನಾನು ಬುಡದ ಕಲ್ಲಿನ ಮೇಲೆ ಕೂತೆ.

ಅಲ್ಲಿ ಏನು ಮಾಡಿದೆ ಎಂದರೆ ಏನೂ ಮಾಡಲಿಲ್ಲ. ಅದೇ ಅದರ ರುಚಿ. ಮನೆಯಲ್ಲಿ ಸುಮ್ಮನೆ ಕೂತರೆ ಯಾರಾದರೂ ಬಂದು ತಲೆನೋವಾ ಅನ್ನುತ್ತಾರೆ, ಇಲ್ಲವೇ ಕೆಲಸ ಇಲ್ಲದ್ದನ್ನು ನೋಡಿ ಒಂದು ಕೆಲಸ ಹೇಳುತ್ತಾರೆ. ಶಾಲೆಯಲ್ಲಿ ಸುಮ್ಮನೆ ಕೂತರೆ ಇನ್ನೊಂದು ಕ್ಲಾಸಿಗೆ ಕಳಿಸುತ್ತಾರೆ. ಇಲ್ಲಿ ಯಾರಿಗೂ ನನ್ನಿಂದ ಏನೂ ಬೇಕಿರಲಿಲ್ಲ. ಡಬ್ಬಿಯಲ್ಲಿ ತಂದ ತಣ್ಣನೆಯ ಇಡ್ಲಿ ಚಟ್ನಿಪುಡಿ ತಿಂದೆ, ಶೂ ಬಿಚ್ಚಿ ಕಾಲು ಚಾಚಿದೆ, ಜರ್ಕಿನ್ ಮಡಿಸಿ ತಲೆಯಡಿ ಇಟ್ಟು ಎಲೆಗಳನ್ನು ನೋಡುತ್ತ ಮಲಗಿದೆ. ಮುಂದಿನ ಭಾನುವಾರ ಬೇರೆ ಊರಿಗೆ ಹೊರಟಿದ್ದರೂ ಗಾಡಿ ತಾನಾಗಿ ಅಲ್ಲಿಗೇ ಬಂತು. ಆಮೇಲೆ ಪ್ರತಿ ಭಾನುವಾರ ಎಲ್ಲಿಗೆ ಹೋಗಲಿ ಬಿಡಲಿ, ಅಲ್ಲಿ ಒಂದಿಷ್ಟು ಹೊತ್ತು ಕೂತೇ ಬರುತ್ತಿದ್ದೆ. ಮಳೆ ಬಂದರೂ ಕೂತಿದ್ದೆ. ಯಾರಿಗೂ ಹೇಳಲಿಲ್ಲ. ಮುಚ್ಚಿಟ್ಟೆ ಅಂತಲ್ಲ, ಹೇಳುವಂಥದ್ದು ಏನಿತ್ತು? ಇಷ್ಟು ವರ್ಷದ ಸಂಸಾರದಲ್ಲಿ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಹೊತ್ತು ಎಂದು ನನಗಿದ್ದದ್ದು ಅದೊಂದೇ.

ಒಂದು ಭಾನುವಾರ ಹಾಗೆ ಮಲಗಿದ್ದಾಗ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಎದ್ದು ನೋಡಿದರೆ ಮೈದುನ. ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಹೊಸ ಚಪ್ಪಲಿ, ಚಪ್ಪಲಿಯ ತುಂಬ ಗದ್ದೆಯ ಕೆಸರು.

"ಏನಪ್ಪ, ನೀನಿಲ್ಲಿ?" ಅಂದೆ.

"ಇಲ್ಲೇ ಹಿಂಗೇ ಹೋಗ್ತಿದ್ದೆ ಅತ್ತಿಗೆ. ನಿಮ್ಮ ಗಾಡಿ ಕಾಣಿಸ್ತು."

"ಹಿಂಗೇ ಎಲ್ಲಿಗೂ ಹೋಗೋಕಾಗಲ್ಲ ಕಣಪ್ಪ. ಈ ದಾರಿ ಇಲ್ಲಿಗೇ ಮುಗೀತದೆ."

ಅವನು ನಾಲೆಯನ್ನು ನೋಡಿದ, ನನ್ನ ಬಿಚ್ಚಿಟ್ಟ ಶೂಗಳನ್ನು ನೋಡಿದ, ಮತ್ತೆ ನಾಲೆಯನ್ನು ನೋಡಿದ. "ಮನೆಗೆ ಬರ್ತೀರಲ್ಲ?" ಅಂದ. ಇದೆಂಥ ಪ್ರಶ್ನೆ? ಬರದೆ ಎಲ್ಲಿ ಹೋಗಲಿ ಎಂದು ಶೂ ಹಾಕಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವನ ಕಾರು ನನ್ನ ಹಿಂದೆಯೇ ಬಂತು. ಮುಂದೆ ಹೋಗು ಎಂದು ಕೈ ಮಾಡಿದರೂ ಹೋಗಲಿಲ್ಲ.

ಸಂಜೆ ಮಗಳ ಫೋನು. ಅಳಿಯಂದಿರು ಹೇಗಿದ್ದಾರೆ, ನಿನಗೆ ಕೆಮ್ಮು ಹೋಯಿತಾ ಎಂದೆಲ್ಲ ಆದಮೇಲೆ ಅವಳು ದನಿ ಇಳಿಸಿ, "ಅಮ್ಮ, ನೀನು ಆ ನಾಲೆ ಹತ್ರ ಒಬ್ಳೇ ಯಾಕೆ ಕೂತ್ಕೋತೀಯಾ?" ಅಂದಳು. ಚಿಕ್ಕಪ್ಪ ಹೇಳಿರಬೇಕು ಅಂದುಕೊಂಡೆ. ಅವಳು ಮುಂದುವರಿದಳು. "ಹೋದ ವಾರ ಅಷ್ಟು ಮಳೇಲೂ ಅಲ್ಲೇ ಇದ್ದೆ."

ಹೋದ ವಾರ ಅಲ್ಲಿಗೆ ಯಾರೂ ಬಂದಿರಲಿಲ್ಲ. ನಾನಿದ್ದೆ, ಮಳೆ ಇತ್ತು.

"ನಿಂಗ್ಯಾರು ಹೇಳಿದ್ದು?"

"ಚುಕ್ಕಿ ಕಾಣತ್ತಲ್ಲಮ್ಮ" ಅಂದಳು.

ಒಂದೊಂದೇ ಕೇಳಿ ಬಿಡಿಸಿಕೊಂಡೆ. ಆ ಆಪಿನಲ್ಲಿ ನಾನು ಎಲ್ಲಿದ್ದೇನೆ ಎಂಬುದು ಒಂದು ನೀಲಿ ಚುಕ್ಕಿಯಾಗಿ ಬೇರೆಯವರ ಫೋನಿನಲ್ಲೂ ಕಾಣುವಂತೆ ಮಾಡಬಹುದಂತೆ. ನಾನು ರೊಟ್ಟಿ ತಟ್ಟುತ್ತಿದ್ದ ಸಂಜೆ ಅದನ್ನೇ ಮಾಡಿದ್ದರು. ಆವತ್ತಿನಿಂದ ನನ್ನ ಗಂಡ, ಮೈದುನ, ಮಗಳು ಮೂವರೂ ಪ್ರತಿ ಭಾನುವಾರ ನನ್ನನ್ನು ನೋಡುತ್ತ ಕೂತಿದ್ದರು. ಎಲ್ಲಿ ತಿರುಗಿದೆ, ಎಲ್ಲಿ ಟೀ ಕುಡಿದೆ, ಎಲ್ಲಿ ಬಯಲಿಗೆ ಹೋಗಲು ನಿಂತೆ, ಎಲ್ಲವನ್ನೂ. ಬೇರೆ ಆಪ್ ಯಾಕೆ ಬೇಡವಾಗಿತ್ತು ಎಂಬುದೂ ಈಗ ತಿಳಿಯಿತು. ಚುಕ್ಕಿ ಪ್ರತಿ ವಾರ ನಾಲೆಯ ಪಕ್ಕ ನಿಲ್ಲಲು ಶುರುವಾದಾಗ ಮೂವರೂ ಹೆದರಿದರು. ನೀರಿನ ಪಕ್ಕ ಒಬ್ಬಳೇ ಹೆಂಗಸು, ಅಲ್ಲಾಡದ ಚುಕ್ಕಿ. ತಮ್ಮತಮ್ಮಲ್ಲೇ ಫೋನು ಮಾಡಿಕೊಂಡರು, ಏನೇನೋ ಊಹಿಸಿದರು, ಕೊನೆಗೆ ಮೈದುನನನ್ನು ನೋಡಿಕೊಂಡು ಬರಲು ಅಟ್ಟಿದರು. ಇಷ್ಟೆಲ್ಲ ಮಾಡಿದವರಲ್ಲಿ ಒಬ್ಬರಿಗೂ ನನ್ನನ್ನು ಕೇಳಬೇಕೆಂದು ಹೊಳೆಯಲಿಲ್ಲ.

ಮೈಯೆಲ್ಲ ಉರಿಯಿತು. ಫೋನು ಹಿಡಿದು ನಡುಮನೆಗೆ ಬಂದೆ. ಗಂಡ ಟೀವಿ ನೋಡುತ್ತಿದ್ದರು, ಮೈದುನ ಪಕ್ಕದಲ್ಲಿದ್ದ, ಅತ್ತೆ ಹಾಸಿಗೆ ಬಟ್ಟೆ ಮಡಿಸುತ್ತಿದ್ದರು. ಟೀವಿ ಆರಿಸಿದೆ.

"ನಾನೇನು ಕಳ್ಳೀನಾ?" ಅಂದೆ. "ಜಾಮೀನಿನ ಮೇಲೆ ಬಿಟ್ಟಿದೀರಾ ನನ್ನ?"

"ಸೇಫ್ಟಿಗೆ ಅಂತ ಅತ್ತಿಗೆ..." ಎಂದು ಮೈದುನ ಶುರುಮಾಡಿದ.

"ಸೇಫ್ಟಿಗೆ ಅಂದ್ರೆ ನನಗೆ ಹೇಳಿ ಮಾಡ್ಬೇಕಿತ್ತು. ಹೇಳ್ದೆ ಮಾಡೋದಕ್ಕೆ ಬೇರೆ ಹೆಸರಿದೆ. ನೀನು ಸುಮ್ನಿರಪ್ಪ, ನಾನು ಕೇಳ್ತಿರೋದು ನಿಮ್ಮಣ್ಣನ್ನ."

ಗಂಡ ತಲೆ ತಗ್ಗಿಸಿ ರಿಮೋಟನ್ನು ತಿರುಗಿಸುತ್ತಿದ್ದರು. ತಲೆಯೆತ್ತದೆಯೇ, "ಹೊರಟವರನ್ನ ಎಲ್ಲಿಗೆ ಅಂತ ಕೇಳ್ಬಾರ್ದಲ್ಲ" ಅಂದರು.

ನಾನು ಜೀವನದಲ್ಲಿ ಬಹಳ ಮಾತು ಕೇಳಿದ್ದೇನೆ. ಕಾಪಿ ಹೊಡೆದು ಸಿಕ್ಕಿಬಿದ್ದ ಮಕ್ಕಳು ಹೇಳುವ ನೆಪಗಳನ್ನು ವರ್ಷಗಟ್ಟಲೆ ಕೇಳಿದವಳು. ಇಂಥದ್ದನ್ನು ಕೇಳಿರಲಿಲ್ಲ. ಬಾಯಿಬಿಟ್ಟು ಕೇಳಿದರೆ ಅಪಶಕುನ, ಕದ್ದು ನೋಡಿದರೆ ಅಲ್ಲ! ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅವರು ಹೆಂಡತಿಯನ್ನು ಗೌರವಿಸಿ ಸುಮ್ಮನಿದ್ದರು ಎಂದು ನಾನು ಅಷ್ಟು ವರ್ಷ ನಂಬಿದ್ದೆ. ಅವರು ಬರೀ ಸುಮ್ಮನಿದ್ದರು, ಅಷ್ಟೇ. ಒಂದು ಪ್ರಶ್ನೆ ಕೇಳುವ ಕಷ್ಟವನ್ನು ಒಂದು ಯಂತ್ರಕ್ಕೆ ವಹಿಸಿದ್ದರು.

ಅತ್ತೆಗೆ ಏನಾಗುತ್ತಿದೆ ಎಂದೇ ಗೊತ್ತಿರಲಿಲ್ಲ. ಗಂಡನ ಫೋನು ತೆಗೆದು ಅವರಿಗೆ ತೋರಿಸಿದೆ. ನೀಲಿ ಚುಕ್ಕಿ ಲಕ್ಷ್ಮೀಪುರಂನಲ್ಲಿ, ನಮ್ಮ ಮನೆಯ ಮೇಲೆ ಕೂತಿತ್ತು.

"ಇದು ನೀನಾ?" ಅಂದರು ಅತ್ತೆ.

"ಹೂಂ ಅತ್ತೆ."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಆಮೇಲೆ ಇಬ್ಬರು ಗಂಡುಮಕ್ಕಳ ಕಡೆ ತಿರುಗಿ, "ಹೊರಟವರನ್ನ ಹಿಂದಿನಿಂದ ಕೂಗಬಾರ್ದು ಅಂತಾರೆ. ಇದು ಕೂಗೋದಕ್ಕಿಂತ ಕಡೆ ಆಯ್ತಲ್ರೋ" ಅಂದರು. ಬಟ್ಟೆ ಮಡಿಸುವುದನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದರು.

ಆ ವಾರ ನಾನು ಮನೆಯಲ್ಲಿ ಬೇಕಾದಷ್ಟೇ ಮಾತಾಡಿದೆ. ಉಪ್ಪು ತನ್ನಿ, ಗ್ಯಾಸ್ ಮುಗಿದಿದೆ. ಮಿಕ್ಕ ಸಿಟ್ಟನ್ನೆಲ್ಲ ಆಪ್ ಹುಡುಕುವುದಕ್ಕೆ ಹಾಕಿದೆ. ಮೊದಲಿನದನ್ನು ಕಿತ್ತೆಸೆದೆ. ತಿರುವಿನ ರಸ್ತೆ ತೋರಿಸುವುದನ್ನು ಹಾಕಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿ ಬಂದೆ. ಚೆನ್ನಾಗಿಯೇ ಇತ್ತು, ಆದರೆ ಇಳಿದು ಬಂದ ತಕ್ಷಣ ನಿಮ್ಮ ಸವಾರಿಯನ್ನು ಗೆಳೆಯರಿಗೆಲ್ಲ ತೋರಿಸಲೇ ಎಂದು ಹಲ್ಲುಗಿಂಜಿತು. ತೆಗೆದುಹಾಕಿದೆ. ಇನ್ನೊಂದು ನನ್ನ ಫೋನಿನಲ್ಲಿರುವ ಎಲ್ಲರ ನಂಬರು ಕೇಳಿತು. ದಾರಿ ತೋರಿಸುವವನಿಗೆ ನನ್ನ ನಾದಿನಿಯ ನಂಬರು ಯಾಕೆ? ಅದನ್ನೂ ತೆಗೆದೆ. ಕೊನೆಗೆ ಉಳಿದದ್ದು ಮೈದುನ ನೋಡೋಕೆ ಚೆನ್ನಾಗಿಲ್ಲ ಅಂದಿದ್ದ ಅದೇ ಹಳೆಯ ಮುಖದ ಆಪ್. ಹೆಸರು ಕೇಳಲಿಲ್ಲ, ನಂಬರು ಕೇಳಲಿಲ್ಲ. ಮೈಸೂರು ಸೀಮೆಯ ನಕ್ಷೆಯನ್ನೆಲ್ಲ ಒಂದೇ ಸಲ ಇಳಿಸಿಕೊಂಡು ಬಾಯಿಮುಚ್ಚಿ ಕೂತಿತು. ಕೆರೆಗಳು, ನಾಲೆಗಳು, ಕಾಲುದಾರಿಗಳು, ಗುಡ್ಡದ ಎತ್ತರದ ಗೆರೆಗಳು, ಎಲ್ಲ ನಾನು ಪಾಠ ಮಾಡುವ ನಕ್ಷೆಯಲ್ಲಿ ಇದ್ದ ಹಾಗೇ ಇದ್ದವು. ಹೊಂಗೆಮರ ಇರುವ ಕಡೆ ದಾರಿ ಮುಗಿಯುತ್ತದೆ ಎಂಬುದನ್ನೂ ಅದು ಸರಿಯಾಗಿ ತೋರಿಸಿತ್ತು. ಎಲ್ಲಿಗೆ ಎಂಬ ಚೌಕ ಅದರಲ್ಲೂ ಇದೆ. ಆದರೆ ಉತ್ತರವನ್ನು ಅದು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ.

ಭಾನುವಾರ ಬಂತು. ಗಾಡಿ ಒರೆಸಿ, ಫೋನನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿದೆ. ಅತ್ತೆ ಎಂದಿನಂತೆ ಹೆಡ್‌ಲೈಟಿಗೆ ವಿಭೂತಿ ಎಳೆದು, "ದೂರಾನಾ?" ಅಂದರು.

"ಸ್ವಲ್ಪ ದೂರ ಅತ್ತೆ."

ಹೆಲ್ಮೆಟ್ ಹಾಕಿ ಸ್ಟಾರ್ಟ್ ಮಾಡಿದೆ. ಗೇಟು ತೆರೆಯುವುದು ಗಂಡನ ಕೆಲಸ. ಪಂಚೆಯಲ್ಲೇ ಬಂದು ಅಗುಳಿಯ ಮೇಲೆ ಕೈಯಿಟ್ಟರು, ತೆರೆಯಲಿಲ್ಲ. ಇವತ್ತು ಅವರಿಗೆ ಚುಕ್ಕಿ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಎಂಜಿನ್ ಗುಡುಗುಡು ಅನ್ನುತ್ತಿತ್ತು. ಅವರ ಬಾಯಿ ಅಲ್ಲಾಡಿತು. ನನಗೆ ಕೇಳಿಸಲಿಲ್ಲ. ಮತ್ತೆ ಅಂದರು, ಈ ಸಲ ಗಟ್ಟಿಯಾಗಿ.

"ಎಲ್ಲಿಗೆ?"

ಕುರ್ಚಿಯಿಂದ ಅತ್ತೆ, "ಶಿವನೇ, ಕೇಳ್ಬುಟ್ಟ" ಅಂದರು.

ನಾನು ಎಂಜಿನ್ ಆರಿಸಿದೆ. ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟು, ಒಳಗೆ ಬಂದು ನಡುಮನೆಯ ಚಾಪೆಯ ಮೇಲೆ ಕೂತೆ. ಶಾಸ್ತ್ರ ಅಂದಮೇಲೆ ಶಾಸ್ತ್ರ. ನೀರು ತರಲು ಅತ್ತೆ ಏಳುತ್ತಿದ್ದರು. ಅವರನ್ನು ಕೂರಿಸಿ ಗಂಡನೇ ಅಡುಗೆಮನೆಗೆ ಹೋದರು. ಹಿತ್ತಾಳೆ ಲೋಟದ ತುಂಬ ನೀರು ತಂದು ಕೊಟ್ಟು ನನ್ನ ಎದುರಿಗೆ ನೆಲದ ಮೇಲೆಯೇ ಕೂತರು.

"ಅದೇ ನಾಲೆ ಹತ್ರಕ್ಕೆ" ಅಂದೆ. "ಹೊಂಗೆಮರದ ಕೆಳಗೆ. ಸುಮ್ನೆ ಕೂತು ಬರೋಕೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ. ಇಡ್ಲಿ ತಿಂತೀನಿ, ಮಲಕ್ಕೋತೀನಿ. ಅಲ್ಲಿ ನನ್ನ ಯಾರೂ ಕರೆಯಲ್ಲ."

"ಚುಕ್ಕಿ ಅಲ್ಲಾಡೋವರ್ಗೂ ನಂಗೆ ಕಾಫಿ ಗಂಟಲಲ್ಲಿ ಇಳೀತಿರ್ಲಿಲ್ಲ" ಅಂದರು. "ಮಗಳು ಹೋದ್ಮೇಲೆ ನೀನು ಮನೇಲಿ ಮಾತೇ ಆಡ್ತಿರ್ಲಿಲ್ಲ. ನಾನೇನಂತ ತಿಳ್ಕೊಳ್ಲಿ?"

"ಕೇಳ್ಬೇಕಿತ್ತು" ಅಂದೆ. ನನ್ನ ದನಿ ಒಡೆಯಿತು, ಅದಕ್ಕೂ ಸಿಟ್ಟು ಬಂತು. "ನೀವು ಕೇಳಿದ್ರೆ ಹೇಳ್ತಿದ್ದೆ. ಅವತ್ತೂ ಹೇಳ್ತಿದ್ದೆ, ಇವತ್ತೂ ಹೇಳ್ತಿದೀನಿ. ಒಂದು ಲೋಟ ನೀರು ಹೋಗ್ತಿತ್ತು, ಅಷ್ಟೇ."

ಅವರು ತಲೆಯಾಡಿಸಿದರು. "ನಾನೂ ಬರ್ಲಾ?" ಅಂದರು.

ಒಂದು ಕ್ಷಣ ಹೂಂ ಅನ್ನಬೇಕೆನ್ನಿಸಿತು. ಪಂಚೆ ಎತ್ತಿ ಕಟ್ಟಿಕೊಂಡು ಹಿಂದೆ ಕೂತು ನನ್ನ ಜರ್ಕಿನ್ ಹಿಡಿದುಕೊಂಡ ಗಂಡ ಕಣ್ಣಿಗೆ ಬಂದರು. ಆದರೆ ಆ ಕಲ್ಲಿನ ಮೇಲೆ ಒಬ್ಬರು ಕೂರುವಷ್ಟೇ ಜಾಗ.

"ಬೇಡ" ಅಂದೆ. "ಬಂದು ಹೇಳ್ತೀನಿ."

"ನೀರು ಪೂರ್ತಿ ಕುಡಿಯಮ್ಮ, ಅರ್ಧ ಬಿಡ್ಬಾರ್ದು" ಎಂದು ಅತ್ತೆ ಬಾಗಿಲಿಂದ ಕೂಗಿದರು. ಕುಡಿದೆ. ಎದ್ದು ಹೆಲ್ಮೆಟ್ ಹಾಕಿಕೊಂಡೆ. ಗಂಡ ಗೇಟಿನ ಎರಡೂ ಬಾಗಿಲು ತೆರೆದು ಪಕ್ಕಕ್ಕೆ ನಿಂತರು. ಬರ್ತೀನಿ ಎಂದು ಹೊರಟೆ. ರಸ್ತೆಯ ತಿರುವಿನಲ್ಲಿ ಕನ್ನಡಿ ನೋಡಿದರೆ ಅವರು ಇನ್ನೂ ಅಲ್ಲೇ ನಿಂತಿದ್ದರು. ಕೈಯಲ್ಲಿ ಫೋನು ಇರಲಿಲ್ಲ, ನಾನು ಕುಡಿದಿಟ್ಟ ಲೋಟ ಇತ್ತು.